ಆರು ಡಿಸ್ಕಿಗೆ ಎಂಟು ಗೂಡು

ಏಪ್ರಿಲ್ ೭, ಸೋಮವಾರ

ಮೂರು ಕ್ಯಾಬಿನೆಟ್ ನೋಡಿ ಬಂದೆ. ಮೂರೂ ದಂಡ.

ಕಂಪ್ಯೂಟರಿನ ಹೊರಪೆಟ್ಟಿಗೆಗೆ ಕ್ಯಾಬಿನೆಟ್ ಅನ್ನುತ್ತಾರೆ. ನಾನು ನಲವತ್ತೊಂದು ವರ್ಷ ತಗಡಿನ ಪೆಟ್ಟಿಗೆ ಮಾಡಿದವನು. ಮೀಟರ್ ಪೆಟ್ಟಿಗೆ, ಟಪಾಲು ಪೆಟ್ಟಿಗೆ, ಕಾರ್ಖಾನೆಗಳ ಪ್ಯಾನೆಲ್ ಬೋರ್ಡು. ಒಮ್ಮೆ ಒಬ್ಬ ಹಲ್ಲಿನ ಡಾಕ್ಟರಿಗೆ ಮೂವತ್ತೆರಡು ಖಾನೆಯ ಡಬ್ಬ. ಪೆಟ್ಟಿಗೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೂ ಕಂಪ್ಯೂಟರ್ ಅಂಗಡಿಯಾಕೆ ಹೇಳಿದಳು.

"ಅಂಕಲ್, ಈಗೆಲ್ಲಾ ಗ್ಲಾಸ್ ಬಾಗಿಲೇ. ಒಳಗಿನ ಲೈಟ್ ಕಾಣ್ಬೇಕಲ್ಲಾ."

"ಒಳಗೆ ಲೈಟ್ ಯಾಕಮ್ಮಾ? ಡಿಸ್ಕು ಓದ್ಕೊಳ್ಳುತ್ತಾ?"

"ಚಂದಕ್ಕೆ."

"ಹಾರ್ಡ್ ಡಿಸ್ಕಿಗೆ ಎಷ್ಟು ಗೂಡಿದೆ?"

"ಎರಡು."

"ಎಂಟು ಬೇಕು."

"ಎಂಟಾ! ಮನೇಲಿ ಬ್ಯಾಂಕ್ ಏನಾದ್ರೂ ನಡೆಸ್ತೀರಾ?"

ಬ್ಯಾಂಕಲ್ಲ. ನನ್ನ ಹೆಂಡತಿಯ ಆರು ಡಿಸ್ಕು, ಮೇಲೆ ಎರಡು ಖಾಲಿ. ಪ್ಯಾನೆಲ್ ಬೋರ್ಡು ಕಟ್ಟುವವರ ಮೊದಲ ಪಾಠ ಇದು: ಎಷ್ಟು ಸ್ವಿಚ್ಚು ಬೇಕೋ ಅದರ ಮೇಲೆ ಎರಡು ಗೂಡು ಖಾಲಿ ಬಿಡು. ತುಂಬಿದ ಪೆಟ್ಟಿಗೆ ಸತ್ತ ಪೆಟ್ಟಿಗೆ. ಅಂಗಡಿಯಾಕೆಗೆ ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಬೇರೆ ಗಿರಾಕಿ ಬಂದ.

ಕಾಲೇಜಿನಲ್ಲಿ ಎರಡು ವರ್ಷ ಕೂತವನು ನಾನು. ಇಂಗ್ಲಿಷ್ ಲೆಕ್ಚರರು ನನ್ನ ಉತ್ತರದ ಮೇಲೆ ಕೆಂಪು ಶಾಯಿಯಲ್ಲಿ "ರ‍್ಯಾಂಬ್ಲಿಂಗ್. ಕಮ್ ಟು ದಿ ಪಾಯಿಂಟ್" ಎಂದು ಬರೆದಿದ್ದರು. ಇಲ್ಲಿ ಲೆಕ್ಚರರಿಲ್ಲ. ಪಾಯಿಂಟು ಬಂದಾಗ ಬರುತ್ತದೆ.

ಬಂತು. ಇವಳು ಹದಿನಾರು ವರ್ಷ ಅಂಧ ಮಕ್ಕಳ ಶಾಲೆಗೆ ಪಠ್ಯಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿಕೊಡುತ್ತಿದ್ದಳು. ಮಹಡಿಯ ಚಿಕ್ಕ ಕೋಣೆ, ಗೋಡೆಗೆಲ್ಲಾ ಹಳೆಯ ಕಂಬಳಿ, ಮೇಜಿನ ಮೇಲೊಂದು ಮೈಕು. ಹೋದ ಆಗಸ್ಟಿನಲ್ಲಿ ಅವಳು ತೀರಿಹೋದಳು. ಜನವರಿಯಲ್ಲಿ ಅಕ್ಕ ಧೂಳು ಹೊಡೆಯಲು ಹೋಗಿ ಆ ಕಂಪ್ಯೂಟರಿನ ಸ್ವಿಚ್ಚು ಒತ್ತಿದಳು, ಹೊಗೆ ಬಂತು. (ಅಕ್ಕ ಒತ್ತಿಲ್ಲವಂತೆ. ಬಟ್ಟೆ ತಾಗಿತಂತೆ.) ಈಗ ಶಾಲೆಯಲ್ಲಿ ನೀರಿನ ಪೈಪು ಒಡೆದು, ಅವರ ಬಳಿ ಇದ್ದ ಪ್ರತಿಗಳೆಲ್ಲ ಕಪಾಟಿನಲ್ಲೇ ನೆನೆದುಹೋಗಿವೆ. ಉಳಿದಿರುವುದು ನಮ್ಮ ಮಹಡಿಯ ಆರು ಡಿಸ್ಕು ಮಾತ್ರ. ಜೂನ್ ಎರಡಕ್ಕೆ ಶಾಲೆ ಶುರು. ಅಷ್ಟರಲ್ಲಿ ಸಿಗದಿದ್ದರೆ ಈ ವರ್ಷದಿಂದ ಕಂಪ್ಯೂಟರ್ ಧ್ವನಿಯಲ್ಲೇ ಓದಿಸುತ್ತೇವೆ ಎಂದು ಹೆಡ್‌ಮಿಸ್ಟ್ರೆಸ್ಸು ಹೇಳಿದ್ದಾರಂತೆ.

ಫೋನು ಮಾಡಿದ್ದು ಅಲ್ಲಿನ ಮೇಷ್ಟ್ರು. ಅವರಿಗೂ ಹುಟ್ಟಿನಿಂದ ಕಣ್ಣಿಲ್ಲ.

"ಯಂತ್ರ ಓದಿದ್ರೆ ಏನಾಗುತ್ತೆ ಮೇಷ್ಟ್ರೇ?" ಅಂದೆ.

"ಓದುತ್ತೆ ಯಜಮಾನ್ರೇ. ಆದ್ರೆ ಹುಲಿ ಬಂತು ಅನ್ನೋದನ್ನೂ ಬಸ್ಸು ಬಂತು ಅನ್ನೋ ಹಾಗೇ ಓದುತ್ತೆ."

ಕೊಡುತ್ತೇನೆ ಎಂದೆ. ಆದರೆ ಡಿಸ್ಕುಗಳು ಸರಿಯಾದ ಪೆಟ್ಟಿಗೆಯಲ್ಲಿ ಕೂತಮೇಲೆ. ಮೊದಲು ಪೆಟ್ಟಿಗೆ. ಆಮೇಲೆ ಉಳಿದದ್ದು.

ಏಪ್ರಿಲ್ ೯, ಬುಧವಾರ

ಮಗಳು ಬಂದಿದ್ದಳು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಅವಳಿಗೆ. ಊರವರ ರಕ್ತ ಹೀರಿ ಸಂಬಳ ತಗೋತಾಳೆ ಎಂದು ಅಕ್ಕ ರೇಗಿಸುತ್ತಾಳೆ. ಕೈಯಲ್ಲೊಂದು ಕೇಬಲ್ಲು ಹಿಡಿದು ಬಂದಳು. ಒಂದು ತುದಿ ಡಿಸ್ಕಿಗೆ, ಇನ್ನೊಂದು ಲ್ಯಾಪ್‌ಟಾಪಿಗೆ.

"ಅಪ್ಪಾ, ಕ್ಯಾಬಿನೆಟ್ಟೇ ಬೇಡ. ಒಂದೊಂದಾಗಿ ಚುಚ್ಚಿ ಕಾಪಿ ಮಾಡಿದ್ರೆ ಮುಗೀತು. ಮೇಲಿಂದ ತರ್ಲಾ?"

"ಕೂತ್ಕೋ" ಅಂದೆ. ಸ್ವಲ್ಪ ಜೋರಾಗಿಯೇ ಅಂದೆ ಎಂದು ಕಾಣುತ್ತದೆ, ಅಡುಗೆಮನೆಯಿಂದ ಅಕ್ಕ ಇಣುಕಿದಳು.

ಬೆತ್ತಲೆ ಡಿಸ್ಕನ್ನು ಮೇಜಿನ ಮೇಲೆ ಮಲಗಿಸಿ ಚುಚ್ಚುವುದು ನಿನ್ನ ಲ್ಯಾಬಿನಲ್ಲಿ ನಡೆಯುತ್ತದೆ, ನನ್ನ ಮನೆಯಲ್ಲಿ ನಡೆಯುವುದಿಲ್ಲ ಎಂದು ಹೇಳಿದೆ. ಹದಿನಾರು ವರ್ಷದ ಕೆಲಸ ಅದು. ಅದಕ್ಕೊಂದು ಮನೆ ಬೇಡವೆ?

"ಆಯ್ತಪ್ಪಾ" ಎಂದು ಕೇಬಲ್ಲನ್ನು ಮೇಜಿನ ಮೇಲಿಟ್ಟು ಹೋದಳು. ಅದನ್ನು ಡ್ರಾಯರಿನಲ್ಲಿ, ಹಳೆಯ ಬೀಗದಕೈಗಳ ಕೆಳಗೆ ಇಟ್ಟೆ.

ಏಪ್ರಿಲ್ ೧೨, ಶನಿವಾರ

ಮತ್ತೆ ಅಂಗಡಿ. ಸ್ಟೀಲ್ ಸ್ಕೇಲು, ವರ್ನಿಯರ್, ಕನ್ನಡಕ, ನೋಟ್ ಬುಕ್ಕು. ಕಂಪೇರ್ ಅಂಡ್ ಕಾಂಟ್ರಾಸ್ಟ್, ಟೆನ್ ಮಾರ್ಕ್ಸ್. ಕಾಲೇಜಿನಲ್ಲಿ ಈ ಪ್ರಶ್ನೆಗೆ ನನಗೆ ಮೂರಕ್ಕಿಂತ ಹೆಚ್ಚು ಬಂದಿದ್ದಿಲ್ಲ. ಈಗ ಕೇಳಲಿ.

ಗಾಜಿನದು: ಹೊರಗೆ ಥಳಕು, ಒಳಗೆ ಹುಳುಕು. ಅರ್ಧ ಮಿಲಿಮೀಟರ್ ತಗಡು, ಗದರಿಸಿದರೆ ಬಗ್ಗುತ್ತದೆ. ಎರಡು ಗೂಡನ್ನೂ ಪವರ್ ಸಪ್ಲೈ ಪಕ್ಕ ಕತ್ತಲಲ್ಲಿ ತುರುಕಿದ್ದಾರೆ, ಮೆಟ್ಟಿಲ ಕೆಳಗೆ ಪೊರಕೆ ಇಡುವ ಹಾಗೆ.

ಸ್ಪಂಜಿನದು: ಬಾಗಿಲಿಗೆಲ್ಲ ಒಳಗಿಂದ ಸ್ಪಂಜು ಅಂಟಿಸಿದೆ, ಸದ್ದು ಬರಬಾರದೆಂದು. ತಗಡು ಪರವಾಗಿಲ್ಲ. ಗೂಡು ಆರು. ಆದರೆ ಒಂದು ಡಿಸ್ಕು ಹಾಕಲು ಎರಡೂ ಪಕ್ಕದ ಬಾಗಿಲು ತೆಗೆಯಬೇಕು, ನಾಲ್ಕು ಸ್ಕ್ರೂ, ಎರಡು ಈ ಕಡೆ, ಎರಡು ಆ ಕಡೆ. ಮಾಡಿದವನು ಸ್ವತಃ ಒಂದನ್ನೂ ಹಾಕಿ ನೋಡಿಲ್ಲ, ಐ ಗಿವ್ ಇನ್ ರೈಟಿಂಗ್.

ಕ್ಲಿಪ್ಪಿನದು: ಗೂಡು ನಾಲ್ಕು. ಸ್ಕ್ರೂವೇ ಬೇಡ, ಪ್ಲಾಸ್ಟಿಕ್ ತಟ್ಟೆಯಲ್ಲಿ ಡಿಸ್ಕು ಇಟ್ಟು ನೂಕಿದರೆ ಟಕ್ ಎಂದು ಕೂರುತ್ತದಂತೆ. ಎಷ್ಟು ದಿನ ಕೂತಿರುತ್ತದೆ ಎಂಬುದಕ್ಕೆ ಉತ್ತರವಿಲ್ಲ.

ಇನ್ನು ಎಲ್ಲಕ್ಕಿಂತ ದೊಡ್ಡ ಮೋಸ. ಈ ಡಿಸ್ಕುಗಳಿಗೆ ಮೂರೂವರೆ ಇಂಚಿನ ಡಿಸ್ಕು ಎಂದು ಹೆಸರು. ಮೂರೂವರೆ ಇಂಚೆಂದರೆ ಎಂಬತ್ತೊಂಬತ್ತು ಮಿಲಿಮೀಟರ್. ಗೂಡು ಅಳೆದರೆ ನೂರಾ ಎರಡು! ಮೂರು ಕ್ಯಾಬಿನೆಟ್ಟಿನಲ್ಲೂ ನೂರಾ ಎರಡು. ಹದಿಮೂರು ಮಿಲಿಮೀಟರ್ ಸಡಿಲ.

"ಸ್ಟ್ಯಾಂಡರ್ಡ್ ಸೈಜೇ ಅದು ಅಂಕಲ್."

"ಅಜ್ಜನ ಕೋಟು ಮೊಮ್ಮಗನಿಗೆ ಹಾಕಿ ಸ್ಟ್ಯಾಂಡರ್ಡ್ ಅಂದ ಹಾಗಾಯ್ತು."

"ನೀವು ಡಿಸ್ಕ್ ತನ್ನಿ, ಹಾಕಿ ತೋರಿಸ್ತೀನಿ. ನಮ್ಮಲ್ಲಿ ಆ ದೊಡ್ಡ ಡಿಸ್ಕ್ ಸ್ಟಾಕಿಲ್ಲ, ಈಗ ಯಾರೂ ಕೇಳಲ್ಲ."

ತರುತ್ತೇನೆ ಎಂದೆ. ಯಾವತ್ತು ಎಂದು ಹೇಳಲಿಲ್ಲ.

ಏಪ್ರಿಲ್ ೧೭, ಗುರುವಾರ

ಕ್ಲಿಪ್ಪು ಮುರಿಯಿತು. ನಾನು ಮುರಿದದ್ದಲ್ಲ, ಪರೀಕ್ಷೆ ಮಾಡಿದ್ದು. ನಮ್ಮ ಕಾಲದಲ್ಲಿ ಚಿಲಕ ಹಾಕಿದರೆ ನೂರು ಸಲ ತೆಗೆದು ಹಾಕಿ ನೋಡುತ್ತಿದ್ದೆವು. ಇದು ಹದಿಮೂರನೆಯ ಸಲಕ್ಕೆ ಟಕ್ ಎನ್ನುವ ಬದಲು ಟಿಕ್ ಎಂದಿತು.

ಅಂಗಡಿಯಾಕೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಂಕಲ್, ನೀವು ತಗೊಳ್ಳೋರಾ, ತಪಾಸಣೆಗೆ ಬಂದೋರಾ?"

"ಎರಡೂ" ಎಂದೆ.

ಮನೆಗೆ ಬಂದು ಹೇಳಿದರೆ ಅಕ್ಕ ನಕ್ಕೂ ನಕ್ಕೂ ಸುಸ್ತಾದಳು. "ಕುಣಿಯೋಕ್ಕೆ ಬಾರದವಳು ನೆಲ ಡೊಂಕು ಅಂದ್ಳಂತೆ. ಲೋ, ನಿಂಗೆ ಬೇಕಾಗಿರೋದು ಡಬ್ಬ ಅಲ್ಲ ಕಣೋ."

"ಮತ್ತೇನು?"

"ನಂಗೇನ್ ಗೊತ್ತು, ನಾನು ಕಾಲೇಜಿಗೆ ಹೋದೋಳಾ?"

ಒಂದು ವಾರವಿದ್ದು ಹೋಗುತ್ತೇನೆ ಎಂದು ಹೋದ ಆಗಸ್ಟಿನಲ್ಲಿ ಬಂದವಳು. ಈಗ ಅಡುಗೆಮನೆಯ ಡಬ್ಬಗಳನ್ನೆಲ್ಲ ತನಗೆ ಬೇಕಾದ ಕಡೆ ಇಟ್ಟುಕೊಂಡಿದ್ದಾಳೆ, ಸಕ್ಕರೆ ಹುಡುಕಲು ನಾನೇ ಅರ್ಜಿ ಹಾಕಬೇಕು.

ಏಪ್ರಿಲ್ ೨೧, ಸೋಮವಾರ

ಏನಿಲ್ಲ. ಮಹಡಿ ಮೆಟ್ಟಿಲು ಗುಡಿಸಿದೆ. ಹನ್ನೊಂದರವರೆಗೆ. ಒಟ್ಟು ಹದಿನಾಲ್ಕಿವೆ. ಮಂಡಿ ನೋವು.

ಏಪ್ರಿಲ್ ೨೬, ಶನಿವಾರ

ಮೇಷ್ಟ್ರು ತಾವೂ ಬರುತ್ತೇನೆಂದರು. ಬಿಳಿ ಕೋಲು ಮಡಿಸಿ ಕಂಕುಳಲ್ಲಿಟ್ಟುಕೊಂಡು ಮೂರೂ ಕ್ಯಾಬಿನೆಟ್ಟಿನೊಳಗೆ ಕೈಹಾಕಿದರು. ಹತ್ತು ಬೆರಳೂ ನಿಧಾನವಾಗಿ ಗೋಡೆ, ಮೂಲೆ, ಗೂಡು ಎಲ್ಲವನ್ನೂ ಓದಿದವು.

"ಇದು ಕಚ್ಚುತ್ತೆ" ಎಂದರು ಗಾಜಿನದಕ್ಕೆ. ನಿಜ, ಒಳ ಅಂಚು ಮಡಿಸಿರಲಿಲ್ಲ. ನನ್ನ ಕಣ್ಣು ತಪ್ಪಿಸಿಕೊಂಡಿತ್ತು. ಕ್ಲಿಪ್ಪಿನದರ ಗೂಡುಗಳ ನಡುವೆ ಬೆರಳು ತೂರಿಸಲು ನೋಡಿ, "ಇಲ್ಲಿ ಗಾಳಿನೇ ಆಡಲ್ಲ. ಡಿಸ್ಕಿಗೆ ಉಸಿರು ಕಟ್ಟುತ್ತೆ" ಎಂದರು.

ಅಂಗಡಿಯಾಕೆ ನನ್ನ ಕಿವಿಯ ಹತ್ತಿರ ಬಂದು, "ಅಂಕಲ್, ನನ್ನ ಗಿರಾಕಿಗಳಲ್ಲಿ ಒಳಗಡೆ ನೋಡಿದ ಮೊದಲನೇ ಮನುಷ್ಯ ಇವರೇ" ಅಂದಳು.

ಮೇಷ್ಟ್ರು ಸ್ಪಂಜಿನದರ ಮೇಲೆ ಕೈಯಿಟ್ಟು ನಿಂತರು. "ಯಜಮಾನ್ರೇ, ಇದು ಆಗಬಹುದು. ಆರು ಗೂಡಿದೆ. ನಿಮ್ಮ ಹತ್ರ ಇರೋದು ಆರೇ ಅಲ್ವಾ?"

"ಎಂಟು ಬೇಕು."

"ಇನ್ನೆರಡಕ್ಕೆ ಏನ್ ಹಾಕ್ತೀರಿ?"

"ಏನೂ ಇಲ್ಲ. ಖಾಲಿ ಇರ್ಬೇಕು. ತುಂಬಿದ ಪೆಟ್ಟಿಗೆ ಸತ್ತ ಪೆಟ್ಟಿಗೆ."

ಕೋಲು ಬಿಡಿಸಿಕೊಂಡು, "ಮಕ್ಕಳು ಜೂನ್ ಎರಡಕ್ಕೆ ಬರ್ತಾರೆ" ಅಂದರು.

"ಬರಲಿ."

ಬಸ್‌ಸ್ಟಾಪಿನವರೆಗೆ ಅವರನ್ನು ಬಿಟ್ಟು ಬಂದೆ. ನಾನು ಯಾಕೆ ಬಗ್ಗಬೇಕು? ನಿಯಮ ನಿಯಮವೇ. ಅದೇ ಇಂಗ್ಲಿಷ್ ಲೆಕ್ಚರರು ಒಮ್ಮೆ ತರಗತಿಯಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿ "ಅಬ್ಸ್ಟಿನೇಟ್ ಫೆಲೋ" ಎಂದಿದ್ದರು. ಮನೆಗೆ ಹೋಗಿ ಡಿಕ್ಷನರಿ ನೋಡಿದ್ದೆ, ಹಟಮಾರಿ ಎಂದಿತ್ತು. ಬೈಗುಳ ಎಂದು ನನಗೇನೂ ಅನ್ನಿಸಿರಲಿಲ್ಲ.

ಏಪ್ರಿಲ್ ೨೮, ಸೋಮವಾರ

ನಾನೇ ಮಾಡುತ್ತೇನೆ.

ಬೆಳಿಗ್ಗೆ ಕಾಫಿ ಕುಡಿಯುವಾಗ ಹೊಳೆಯಿತು. ಊರಿನ ಅಂಗಡಿಯಲ್ಲಿ ಸಿಗದಿದ್ದರೆ ಸತ್ತುಹೋಗಬೇಕೇ? ಕೆಳಗೆ ವರ್ಕ್‌ಶಾಪಿದೆ. ಬಗ್ಗಿಸುವ ಯಂತ್ರ, ಕತ್ತರಿ, ಡ್ರಿಲ್ಲು ಎಲ್ಲ ಟಾರ್ಪಾಲಿನ ಕೆಳಗಿವೆ. ಕಳೆದ ವರ್ಷದ ಒಂದು ಹಾಳೆ ತಗಡು ಕೂಡ ಇದೆ. ಒಂದು ಪಾಯಿಂಟ್ ಎರಡು ಮಿಲಿಮೀಟರ್ ದಪ್ಪ. ಅದರ ಮೇಲೆ ಆನೆ ಕೂರಿಸಬಹುದು.

"ಅಂಗಡೀಲಿ ಆರು ಗೂಡಿಂದು ಇತ್ತಂತಲ್ಲೋ, ಮೇಷ್ಟ್ರು ಒಪ್ಪಿದ್ರಂತೆ!" ಅಂದಳು ಅಕ್ಕ. ಮಗಳು, ಮೇಷ್ಟ್ರು, ಅಕ್ಕ ಮೂವರೂ ಫೋನಿನಲ್ಲಿ ಒಂದೇ ಪಾರ್ಟಿ.

"ಇತ್ತು. ತರಲ್ಲ."

"ತಾನು ಹಿಡಿದ ಮೊಲಕ್ಕೆ ಮೂರೇ ಕಾಲು."

"ಎಂಟು" ಎಂದೆ. "ನನ್ನ ಮೊಲಕ್ಕೆ ಎಂಟು."

ಮೇ ೫, ಸೋಮವಾರ

ಡ್ರಾಯಿಂಗ್ ಮುಗಿಯಿತು. ಎಂಟು ತಿಂಗಳಲ್ಲಿ ಪೆನ್ಸಿಲ್ ಕೆತ್ತಿದ್ದು ಇದೇ ಮೊದಲು. ಬಾಗಿಲು ಒಂದೇ, ಮುಂದೆ. ಎಂಟು ಗೂಡು, ಒಂದರ ಮೇಲೊಂದು, ನಡುವೆ ಮೇಷ್ಟ್ರ ಒಂದು ಬೆರಳು ಹೋಗುವಷ್ಟು ಗಾಳಿ. ಪ್ರತಿ ಡಿಸ್ಕಿಗೂ ತಗಡಿನ ಜಾರುತಟ್ಟೆ. ಎಳೆದರೆ ಬರಬೇಕು, ನೂಕಿದರೆ ಹೋಗಬೇಕು, ಒಂದೇ ತಿರುಪಿನಲ್ಲಿ ಬಿಗಿಯಬೇಕು. ಅಂಚುಗಳೆಲ್ಲ ಒಳಕ್ಕೆ ಮಡಿಕೆ.

ಗೂಡಿನ ಅಗಲ: ಮೂರೂವರೆ ಇಂಚು, ಅಂದರೆ ಎಂಬತ್ತೊಂಬತ್ತು. ಆಚೀಚೆ ಅರ್ಧರ್ಧ ಸಡಿಲ ಸೇರಿ ತೊಂಬತ್ತು ಮಿಲಿಮೀಟರ್. ಅಂಗಡಿಯವರ ಹಾಗೆ ಲೊಡಲೊಡ ಎನ್ನಬಾರದು.

ಅಕ್ಕ ಕೇಳಿದಳು, "ಮೇಲೆ ಹೋಗಿ ಒಂದು ಡಿಸ್ಕ್ ತಂದು ಅಳೀಬಾರ್ದೇನೋ?"

ಕಬ್ಬಿಣದ ಪುಡಿ ಮೆತ್ತಿದ ಕೈಯಲ್ಲಿ ನನ್ನ ಡಿಸ್ಕ್ ಮುಟ್ಟಬೇಡಿ ಎಂದು ಹೆಂಡತಿಯ ಕಟ್ಟಪ್ಪಣೆ ಇತ್ತು. ಹದಿನಾರು ವರ್ಷ ಮುಟ್ಟಿಲ್ಲ. ಹೆಸರಿನಲ್ಲೇ ಅಳತೆ ಇರುವಾಗ ಅಳೆಯುವುದೇನು?

ಮೇ ೧೪, ಬುಧವಾರ

ಆರು ದಿನದಿಂದ ಸುತ್ತಿಗೆ. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಮುಚ್ಚಿಕೊಳ್ಳಲಿ, ನಲವತ್ತೊಂದು ವರ್ಷ ತೆರೆದಿಟ್ಟುಕೊಂಡಿದ್ದರಲ್ಲ. ಐದು ಗೂಡು ಮುಗಿದಿದೆ. ತೋಳು ನೋಯುತ್ತಿದೆ, ಚೆನ್ನಾಗಿ ನೋಯುತ್ತಿದೆ. ಮಂಡಿ ಯಾಕೋ ನೋಯಲಿಲ್ಲ.

ಮಧ್ಯೆ ಮೇಷ್ಟ್ರ ಫೋನು. ಎತ್ತಿದ್ದು ಅಕ್ಕ, ವರ್ಕ್‌ಶಾಪಿನ ಬಾಗಿಲಲ್ಲಿ ಫೋನು ಹಿಡಿದು ನಿಂತಳು. "ಮಾತಾಡಲ್ವಂತೆ, ಕೇಳಿಸ್ಕೋತಾರಂತೆ" ಎಂದಳು. ಹುಚ್ಚು ಮೇಷ್ಟ್ರು. ನಾನು ಬಡಿಯುತ್ತಲೇ ಇದ್ದೆ.

ಮೇ ೧೭, ಶನಿವಾರ

ಪೆಟ್ಟಿಗೆ ನೋಡಲು ಮೇಷ್ಟ್ರು ಬಂದರು. ಬೂದು ಬಣ್ಣ ಹೊಡೆದು ಮೇಜಿನ ಮೇಲೆ ನಿಲ್ಲಿಸಿದ್ದೆ. ಎರಡೂ ಕೈಯಿಟ್ಟು ಸವರಿದರು. ಬಾಗಿಲು ತೆಗೆದರು, ಹಾಕಿದರು, ತೆಗೆದರು. ಗೂಡು ಎಣಿಸಿದರು. ಅಂಚುಗಳ ಮೇಲೆ ಬೆರಳೋಡಿಸಿ, "ಕಚ್ಚೋ ಜಾಗ ಎಲ್ಲೂ ಇಲ್ಲ" ಅಂದರು. ಅಕ್ಕ ಟೀ ತಂದವಳು, ಪರೀಕ್ಷೆಯ ರಿಸಲ್ಟಿಗೆ ಕಾಯುವಂತೆ ನಿಂತೇ ಇದ್ದಳು.

"ಯಜಮಾನ್ರೇ, ಇದು ನೀವು ಅಂತ ಗೊತ್ತಾಗುತ್ತೆ."

"ಹೇಗೆ?"

"ಸದ್ದಿನಿಂದ ನೀವು ನಂಗೆ ಹಳೇ ಪರಿಚಯ. ಅಮ್ಮನ ಪಾಠಗಳಲ್ಲಿ ಹಿಂದುಗಡೆ ಸುತ್ತಿಗೆ ಬರುತ್ತಲ್ಲ, ಮಕ್ಕಳು ನಿಮ್ಮನ್ನ ಠಣ್ ಮಾಮ ಅಂತಾರೆ."

ಅಕ್ಕನಿಗೆ ಟೀ ನೆತ್ತಿಗೆ ಹತ್ತಿತು. ಠಣ್ ಮಾಮ! ಅರವತ್ತೆಂಟು ವರ್ಷಕ್ಕೆ ನನಗೊಂದು ನಾಮಕರಣ. ಹದಿನಾರು ವರ್ಷ ನನ್ನ ಸದ್ದು ಅದರಲ್ಲಿ ಸೇರಿತ್ತು ಎಂದು ನನಗೆ ಒಬ್ಬರೂ ಹೇಳಿರಲಿಲ್ಲ. ಅವಳೂ ಹೇಳಿರಲಿಲ್ಲ. ಸುತ್ತಿಗೆ ನಿಲ್ಲಿಸಿ ಎಂದು ಮೇಲಿನಿಂದ ಕೂಗುತ್ತಿದ್ದಳು, ನಿಲ್ಲಿಸುತ್ತಿದ್ದೆ, ಅಷ್ಟೇ.

"ಎಲ್ಲಿ, ಒಂದು ಡಿಸ್ಕ್ ಕೊಡಿ, ಕೂರಿಸಿ ನೋಡೋಣ" ಅಂದರು ಮೇಷ್ಟ್ರು.

ನಾಳೆ ನೋಡೋಣ ಎಂದೆ. ಬಣ್ಣ ಇನ್ನೂ ಹಸಿ ಎಂದೆ. ಒಣಗಿದೆ ಎಂದು ಅವರ ಬೆರಳಿಗೆ ಗೊತ್ತಿತ್ತು. ಅಷ್ಟರಲ್ಲಿ ಅಕ್ಕ ಟೀ ಲೋಟ ಇಟ್ಟು ಮೆಟ್ಟಿಲು ಹತ್ತಿಬಿಟ್ಟಳು. ಅವಳಿಗೂ ಎಪ್ಪತ್ತೆರಡು, ಅವಳಿಗೂ ಮಂಡಿ ಇದೆ. ದಡದಡ ಹತ್ತಿ ಇಳಿದು, ಸೆರಗಿನಲ್ಲಿ ಸುತ್ತಿದ ಒಂದು ಡಿಸ್ಕನ್ನು ಮೇಷ್ಟ್ರ ಕೈಗಿಟ್ಟಳು.

ಅದರ ಮೇಲೆ ಬಿಳಿ ಪಟ್ಟಿ. ಪಟ್ಟಿಯ ಮೇಲೆ ಇವಳ ದುಂಡು ಅಕ್ಷರದಲ್ಲಿ "೧. ಭಾಷೆ".

ಮೇಷ್ಟ್ರು ಅದನ್ನು ಗೂಡಿಗೆ ಹಿಡಿದರು. ಹೋಗಲಿಲ್ಲ. ತಿರುಗಿಸಿ ಹಿಡಿದರು. ಹೋಗಲಿಲ್ಲ. ಹೆಬ್ಬೆರಳಿನಿಂದ ಗೂಡಿನ ಅಗಲ ನೋಡಿದರು, ಡಿಸ್ಕಿನ ಅಗಲ ನೋಡಿದರು.

"ನಾಲ್ಕಿಂಚಿದೆ ಇದು."

"ಮೂರೂವರೆ" ಅಂದೆ.

"ಹೆಸರು ಮೂರೂವರೆ. ಒಳಗೆ ತಿರುಗೋ ತಟ್ಟೆಯಿಂದ ಬಂದ ಹೆಸರಂತೆ. ಮೈ ನಾಲ್ಕಿಂಚು." ವರ್ನಿಯರಿನಲ್ಲಿ ಅಳೆದೆ. ನೂರಾ ಒಂದು ಪಾಯಿಂಟ್ ಆರು. ಹನ್ನೊಂದೂವರೆ ಮಿಲಿಮೀಟರ್ ಕಡಿಮೆ. ಎಂಟು ಗೂಡಿಗೆ ಎಂಟೂ ದಂಡ. ಅಂಗಡಿಯಾಕೆಯ ಅಜ್ಜನ ಕೋಟು ಅಜ್ಜನಿಗೇ ಹೊಲಿದದ್ದು.

ಮೇಷ್ಟ್ರು ಡಿಸ್ಕನ್ನು ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ಕೇಳಿದರು: "ಕೂದಲೆಳೆ ಹೆಚ್ಚುಕಮ್ಮಿ ಆಗದ ಕೈ ನಿಮ್ಮದು. ನೀವು ಇದನ್ನ ಇಲ್ಲೀವರೆಗೂ ಮುಟ್ಟೇ ಇಲ್ಲ, ಅಲ್ವಾ?"

ಕಬ್ಬಿಣದ ಪುಡಿಯ ವಿಷಯ ಹೇಳಿದೆ. ಅಪ್ಪಣೆ ಇತ್ತು ಎಂದೆ.

"ಹೂಂ" ಎಂದರು. ಆಮೇಲೆ, ಎದ್ದು ಹೊರಡುವಾಗ: "ಅಮ್ಮ ಎಲ್ಲಾ ಓದಿಕೊಟ್ರು. ರೇಖಾಗಣಿತ ಒಂದು ಬಾಕಿ. ಕೇಳ್ದಾಗೆಲ್ಲ, ಅದು ನಮ್ಮನೆಯವರ ಕೆಲಸ, ಅವರನ್ನ ಕೂರಿಸ್ಕೊಂಡು ಮಾಡ್ತೀನಿ ಅಂತಿದ್ರು."

ನನಗೂ ಹೇಳಿದ್ದಳು. ಎರಡು ಸಲ. ಆರ್ಡರು ಮುಗೀಲಿ ಎಂದಿದ್ದೆ. ಎರಡು ಸಲವೂ ಆರ್ಡರು ಇತ್ತು, ಸುಳ್ಳಲ್ಲ.

ಮೇ ೧೮, ಭಾನುವಾರ

ಬರೆಯುವುದಿಲ್ಲ.

ಮೇ ೨೦, ಮಂಗಳವಾರ

ಸೋಪು ಹಾಕಿ ಮೂರು ಸಲ ಕೈ ತೊಳೆದೆ. ಹದಿನಾಲ್ಕು ಮೆಟ್ಟಿಲು ಹತ್ತಿದೆ. ಅಳತೆಗಾಗಿ, ಬೇರೇನಕ್ಕೂ ಅಲ್ಲ.

ಕಂಬಳಿಗಳು ಹಾಗೇ ಇವೆ. ಮೈಕಿನ ಮೇಲೆ ಅವಳ ಕರ್ಚೀಫು. ಉಳಿದ ಐದು ಡಿಸ್ಕು ಹಳೆಯ ಪೆಟ್ಟಿಗೆಯ ಪಕ್ಕದಲ್ಲಿ, ಒಂದರ ಮೇಲೊಂದು, ನಡುವೆ ಬೆಂಕಿಪೊಟ್ಟಣ ಇಟ್ಟು ಗಾಳಿಗೆ ಜಾಗ ಮಾಡಿದ್ದಾಳೆ, ಸುತ್ತ ರಬ್ಬರ್ ಬ್ಯಾಂಡು. ಎದುರಿಗೆ ಟೇಬಲ್ ಫ್ಯಾನು. ಗಂಡ ಊರಿಗೆಲ್ಲ ಪೆಟ್ಟಿಗೆ ಮಾಡುವವನು, ಇವಳ ಡಿಸ್ಕಿಗೆ ಬೆಂಕಿಪೊಟ್ಟಣ. ಒಂದು ಮಾತು ಕೇಳಿದ್ದರೆ ಮಾಡಿಕೊಡುತ್ತಿರಲಿಲ್ಲವೇ? ಆರ್ಡರು ಮುಗೀಲಿ ಎನ್ನುತ್ತಿದ್ದೆ, ಆಮೇಲೆ ಮಾಡಿಕೊಡುತ್ತಿದ್ದೆ.

ಎಲ್ಲವನ್ನೂ ಅಳೆದೆ. ಐದೂ ನೂರಾ ಒಂದು ಪಾಯಿಂಟ್ ಆರು. ಒಂದನ್ನೊಂದು ಬಿಟ್ಟುಕೊಡುವ ಪೈಕಿಯಲ್ಲ.

ಕೆಳಗಿಳಿದು ಎಂಟು ಗೂಡಿನ ರಿವೆಟ್ಟುಗಳನ್ನೂ ಕಿತ್ತೆ. ನಾನು ಕೇಳದೆಯೇ ಅಕ್ಕ ಕಾಫಿ ತಂದಿಟ್ಟಳು. ಅದೇ ಹೆದರಿಕೆ.

ಮೇ ೨೫, ಭಾನುವಾರ

ಕೂತವು. ಆರೂ ಕೂತವು. ನೂಕಿದರೆ ರೇಷ್ಮೆಯ ಹಾಗೆ ಹೋಗುತ್ತವೆ.

ಅಂಗಡಿಯಾಕೆ ಪವರ್ ಸಪ್ಲೈ ತೆಗೆದುಕೊಂಡು ತಾನೇ ಬಂದಳು. ಸುಟ್ಟದ್ದು ಅದೊಂದೇ ಅಂತೆ, ಹಳೆಯ ಬೋರ್ಡು ಸರಿಯಾಗಿದೆ. (ಅಕ್ಕ: "ನಾನ್ ಹೇಳ್ಲಿಲ್ವಾ, ನಾನೇನೂ ಮಾಡಿಲ್ಲಾಂತ!") ಎಲ್ಲ ಜೋಡಿಸಲು ಅವಳಿಗೆ ಕಾಲು ಗಂಟೆ ಸಾಕಾಯಿತು.

"ಅಂಕಲ್, ಇದಕ್ಕೆ ಗ್ಲಾಸ್ ಬಾಗಿಲೊಂದು ಹಾಕಿದ್ರೆ..."

"ಹೊರಗೆ ನಡಿ" ಎಂದೆ. ನಕ್ಕಳು.

ಮಗಳು ಕೀಲಿಮಣೆಯ ಮುಂದೆ ಕೂತಳು. ಒಂದು, ಎರಡು, ಮೂರು ಬಂದವು. ನಾಲ್ಕು ಬರಲಿಲ್ಲ. "೪. ಚರಿತ್ರೆ." ಒಳಗೆ ಟಕ್, ಟಕ್ ಎಂದು ಎರಡು ಸಲ ಬಡಿದು ಸುಮ್ಮನಾಯಿತು. ಬಹಳ ದಿನ ಸುಮ್ಮನೆ ಇಟ್ಟರೆ ಕೆಲವು ಹೀಗೆ ಹಿಡಿದುಕೊಳ್ಳುತ್ತವೆ ಎಂದಳು ಅಂಗಡಿಯಾಕೆ. ಬೇರೆ ಊರಿಗೆ ಕಳಿಸಿ ಬಿಚ್ಚಿಸಬಹುದು, ಆದರೆ ಬರುತ್ತದೆಂಬ ಭರವಸೆಯಿಲ್ಲ. ಎಷ್ಟು ದಿನ ಸುಮ್ಮನಿಟ್ಟರೆ ಎಂದು ನಾನು ಕೇಳಲಿಲ್ಲ. ಎಣಿಸಲು ನನಗೂ ಬರುತ್ತದೆ. ಏಪ್ರಿಲ್ ಒಂಬತ್ತಕ್ಕೇ ಆ ಕೇಬಲ್ಲು ಚುಚ್ಚಿದ್ದರೆ? ಮಗಳು ಆ ಮಾತೆತ್ತಲಿಲ್ಲ. ಎತ್ತಿದ್ದರೆ ಜಗಳವಾಡಬಹುದಿತ್ತು.

ಐದು, ಆರು ಬಂದವು.

"ಒಂದು ಹಾಕ್ಲಾ ಅಪ್ಪಾ?"

"ಹಾಕು."

ಯಾವುದೋ ಪಾಠ. ನದಿ ಎಲ್ಲಿ ಹುಟ್ಟಿತು, ಎಲ್ಲಿ ಸೇರಿತು. ಅವಳ ಧ್ವನಿ ಕೋಣೆಯ ತುಂಬ. ಹಿಂದೆ, ದೂರದಲ್ಲಿ, ಠಣ್ ಠಣ್. ನದಿ ಬಯಲಿಗೆ ಇಳಿಯುವ ಹೊತ್ತಿಗೆ ಸದ್ದು ಜೋರಾಯಿತು, ಅವಳು ನಿಂತಳು. "ಮಕ್ಕಳೇ, ಒಂದು ನಿಮಿಷ. ನಮ್ಮನೆಯವರು ಪೆಟ್ಟಿಗೆ ಮಾಡ್ತಿದಾರೆ. ಬೇಜಾರಾದ್ರೆ ಪೆಟ್ಟು ಎಣಿಸ್ತಾ ಇರಿ." ಆಮೇಲೆ ಕುರ್ಚಿ ಸರಿದ ಸದ್ದು, ಕಿಟಕಿಯ 'ಕಿರ್', ಮತ್ತೆ ಅವಳ ಕೂಗು: "ರೀ! ನದಿ ಸಮುದ್ರ ಸೇರೋವರೆಗಾದ್ರೂ ನಿಲ್ಲಿಸ್ರೀ!"

ಸುತ್ತಿಗೆ ನಿಂತಿತು.

ಅಕ್ಕ ಒಳಗೆ ಹೋದಳು. ಮಗಳು ಪರದೆಯನ್ನೇ ನೋಡುತ್ತಿದ್ದಳು. ನಾನು ಎಣಿಸಿದೆ. ಅವಳು ಹೇಳಿದಮೇಲೆ ಇಪ್ಪತ್ತಮೂರು. ಇಪ್ಪತ್ತನಾಲ್ಕನೆಯದು ಸ್ವಲ್ಪ ಮೆಲ್ಲಗೆ ಬಿತ್ತು, ಎಣಿಸಬೇಕೋ ಬೇಡವೋ ಗೊತ್ತಾಗಲಿಲ್ಲ. ಮತ್ತೊಮ್ಮೆ ಹಾಕಿಸಿದೆ. ಇಪ್ಪತ್ತನಾಲ್ಕೇ.

ಜೂನ್ ೨, ಸೋಮವಾರ

ಐದು ಡಿಸ್ಕಿನ ಪ್ರತಿ ಶಾಲೆಗೆ ತಲುಪಿತು. ಮಗಳೇ ಕೊಂಡೊಯ್ದಳು. ಚರಿತ್ರೆಗೆ ಮಾತ್ರ ಯಂತ್ರದ ಧ್ವನಿ ಎಂದು ಹೆಡ್‌ಮಿಸ್ಟ್ರೆಸ್ಸು ತೀರ್ಮಾನಿಸಿದರಂತೆ.

ಫೋನು ಮಾಡಿ ಆಗುವುದಿಲ್ಲ ಎಂದೆ.

"ಸಾರ್, ಬೇರೆ ದಾರಿ ಏನಿದೆ?" ಎಂದರು ಅವರು.

ಒಂದು ತಿಂಗಳು ಕೊಡಿ ಎಂದೆ. ಫೋನಿಟ್ಟ ಮೇಲೆ ಏನು ಮಾಡುವುದೆಂದು ಯೋಚಿಸಿದೆ. ಮೊದಲು ಮಾತು, ಆಮೇಲೆ ಯೋಚನೆ. ನಮ್ಮ ಮನೆತನವೇ ಹಾಗೆ.

ಜೂನ್ ೮, ಭಾನುವಾರ

ಅಕ್ಕನಿಗೆ ಚರಿತ್ರೆ ಪುಸ್ತಕ ಕೊಟ್ಟು ಓದು ಎಂದೆ. ಮೊದಲು ಕೈಯಾಡಿಸಿ ಬೇಡ ಎಂದಳು, ತನ್ನ ಹಲ್ಲು ಸರಿಯಿಲ್ಲ ಎಂದಳು. ಎರಡು ಪುಟ ಓದಿದ ಮೇಲೆ ತಡೆಯಲಾಗಲಿಲ್ಲ. ಅಣ್ಣತಮ್ಮಂದಿರು ಸಿಂಹಾಸನಕ್ಕೆ ಕಿತ್ತಾಡುವುದನ್ನು ಪಕ್ಕದ ಮನೆಯ ಸುದ್ದಿ ಹೇಳುವ ಹಾಗೆ ಓದುತ್ತಾಳೆ. "ನೋಡಿ ಮಕ್ಕಳೇ, ಸ್ವಂತ ತಮ್ಮ ಕಣ್ರೋ!" ಎಂದು ನಡುವೆ ತಾನೇ ಸೇರಿಸುತ್ತಾಳೆ. ಪುಸ್ತಕದಲ್ಲಿ ಅದಿಲ್ಲ ಎಂದೆ. "ಇರಬೇಕಿತ್ತು" ಎಂದಳು.

ಮೇಷ್ಟ್ರು ಫೋನಿನಲ್ಲೇ ಕೇಳಿ ಪಾಸು ಮಾಡಿದರು.

ಜೂನ್ ೧೫, ಭಾನುವಾರ

ರೇಖಾಗಣಿತ, ಮೊದಲ ಅಧ್ಯಾಯ. ಕರ್ಚೀಫು ಮಡಿಸಿ ಪಕ್ಕಕ್ಕಿಟ್ಟು ಮೈಕಿನ ಮುಂದೆ ಕೂತೆ. ನನ್ನ ಧ್ವನಿ ನನಗೇ ತಗಡು ಎಳೆದ ಹಾಗೆ ಕೇಳಿಸಿತು. ಎರಡು ಪುಟ ಕಳಿಸಿದೆ. ನಗುವವರು ನಗಲಿ.

ಮೇಷ್ಟ್ರು ನಗಲಿಲ್ಲ. "ಯಜಮಾನ್ರೇ, 'ಚಿತ್ರ ಒಂದನ್ನು ನೋಡಿ' ಅಂತ ಓದಿದೀರಿ. ನಾವು ಯಾರು ನೋಡ್ಬೇಕು?"

ನಿಜವೇ. ಪುಸ್ತಕ ಮುಚ್ಚಿದೆ. ಪುಸ್ತಕ ಬರೆದವನು ಪೆಟ್ಟಿಗೆ ಮಾಡಿದವನಲ್ಲ. ಎರಡನೆಯ ಸಲ ಬಾಯಿಗೆ ಬಂದ ಹಾಗೆ ಹೇಳಿದೆ: ಮಕ್ಕಳೇ, ನಿಮ್ಮ ಮೇಜಿನ ಮೂಲೆಗೆ ಕೈಯಿಡಿ. ಎರಡು ಅಂಚು ಬಂದು ಸೇರುತ್ತವಲ್ಲ, ಅದು ಕೋನ. ಈ ಮೂಲೆ ಲಂಬಕೋನ. ಪೆಟ್ಟಿಗೆಯವರು ಇದನ್ನು ಗುನಿಯ ಅನ್ನುತ್ತೇವೆ, ತಪ್ಪಿದರೆ ಬಾಗಿಲು ಮುಚ್ಚುವುದಿಲ್ಲ...

ಒಂದು ಗಂಟೆ ಹೇಳಿದೆ. ಇದು ರ‍್ಯಾಂಬ್ಲಿಂಗ್ ಎಂದು ಗೊತ್ತು. ಲೆಕ್ಚರರು ಬರಲಿ, ಮೈಕಿನ ಮುಂದೆ ಕೂರಲಿ.

ನಡುವೆ ಅಕ್ಕ ಕೆಳಗೆ ಏನೋ ಕುಟ್ಟತೊಡಗಿದಳು. ನಿಲ್ಲಿಸು ಎಂದು ಕೂಗಲು ಕಿಟಕಿಯವರೆಗೆ ಹೋದೆ. ಕೂಗಲಿಲ್ಲ. ಬೇಜಾರಾದರೆ ಎಣಿಸಿಕೊಳ್ಳಲಿ.

ಜೂನ್ ೨೯, ಭಾನುವಾರ

ಅಂಗಡಿಯಾಕೆ ಎರಡು ಹೊಸ ಡಿಸ್ಕು ತರಿಸಿಕೊಟ್ಟಳು, ರೇಖಾಗಣಿತ ಒಂದರಲ್ಲಿ, ಅಕ್ಕನ ಚರಿತ್ರೆ ಇನ್ನೊಂದರಲ್ಲಿ. ನಾಲ್ಕನೆಯದನ್ನು ತೆಗೆದು ಚರಿತ್ರೆಯನ್ನು ಅಲ್ಲೇ ಹಾಕಿ ಎಂದಳು, ಹೇಗೂ ಕೆಟ್ಟಿದೆಯಲ್ಲ ಎಂದು. ತೆಗೆಯುವುದಿಲ್ಲ. ಅದು ಅದರ ಗೂಡು. ಏಳು, ಎಂಟರಲ್ಲಿ ಹೊಸವನ್ನು ನೂಕಿ ತಿರುಪು ಬಿಗಿದೆ. ಬಿಳಿ ಪಟ್ಟಿ ಅಂಟಿಸಿ "೭. ರೇಖಾಗಣಿತ" ಎಂದು ಬರೆದೆ. ಅಕ್ಷರ ಅವಳಷ್ಟು ದುಂಡಗೆ ಬರಲಿಲ್ಲ.

ಸಂಜೆ ಮೇಷ್ಟ್ರು ಫೋನು ಮಾಡಿ, ವಿಜ್ಞಾನದ ಪುಸ್ತಕ ಈ ವರ್ಷ ಬದಲಾಗಿದೆ, ಹೊಸದನ್ನು ಯಾರು ಓದುತ್ತಾರೋ ಎಂದು ಗಾಳಿಗೆ ಹೇಳುವಂತೆ ಹೇಳಿದರು.

"ಗೂಡು ಎಲ್ಲಿದೆ ಮೇಷ್ಟ್ರೇ? ಎಂಟೂ ತುಂಬಿದೆ."

"ಅಯ್ಯೋ, ತುಂಬಿದ ಪೆಟ್ಟಿಗೆ ಸತ್ತ ಪೆಟ್ಟಿಗೆ ಅಂತ ನೀವೇ ಅಂತಿದ್ರಲ್ಲ."

ನಾಳೆ ಒಂದು ಹಾಳೆ ತಗಡು ತರಬೇಕು. ಈ ಸಲ ಹನ್ನೆರಡು ಗೂಡು, ಅಗಲ ನೂರಾ ಎರಡು. ಪಕ್ಕದ ಮನೆಯವರಿಗೆ ಕಿಟಕಿ ಮುಚ್ಚಿಕೊಳ್ಳಲು ಹೇಳಿ ಬಂದೆ.